ವೆಲಿಚ್ಕಾಳ ಇಟಲಿ ತಲೆ

ಇಟಲಿಯಲ್ಲಿ ಬಹಳ ವರ್ಷ ಮುದುಕಿಯರ ಸೇವೆ ಮಾಡಿ ಬಲ್ಗೇರಿಯಾಕ್ಕೆ ವಾಪಸು ಬಂದಾಗ ವೆಲಿಚ್ಕಾಳ ತಲೆ ನಮ್ಮ ತಲೆಯಾಗಿ ಉಳಿದಿರಲಿಲ್ಲ. ನಮ್ಮಲ್ಲಿ ತಲೆ ಅಡ್ಡಡ್ಡ ಆಡಿಸಿದರೆ ಹೌದು, ಮೇಲೆ ಕೆಳಗೆ ಆಡಿಸಿದರೆ ಇಲ್ಲ. ಅಲ್ಲಿ ಎಲ್ಲ ತಿರುಗುಮುರುಗು.

"ತಾಯಿ, ಬಾಯಲ್ಲೇ ಹೇಳ್ಬಿಡು. ನಿನ್ನ ಇಟಲಿ ತಲೆ ನಂಬ್ಕೊಂಡ್ರೆ ನಾನು ಅಂಗಡಿ ಮುಚ್ಚಬೇಕು!" ಎಂದು ಬ್ರೆಡ್ಡಿನವನು ಕೈಮುಗಿಯುತ್ತಿದ್ದ.

ಅವಳು ನಮ್ಮ ಹಳ್ಳಿಯ ಶಾಲೆಗೆ ಸಹಾಯಕಿಯಾಗಿ ಸೇರಿದಳು. ನಾನು ಅಲ್ಲಿ ಲೆಕ್ಕದ ಮೇಷ್ಟ್ರು. ಅವಳ ಪಾಲಿಗೆ ಬಂದವಳು ಗಾಲಿಕುರ್ಚಿಯ ಹುಡುಗಿ ಸ್ವೆತ್ಲಿನಾ. ಮಾತು ಬಾರದು, ಕೈ ಹಿಡಿತದಲ್ಲಿಲ್ಲ, ತಲೆ ಒಂದೇ ಅವಳ ಮಾತು ಕೇಳುತ್ತಿತ್ತು. ಅವಳಿಗೆಂದು ಒಂದು ಟ್ಯಾಬ್ಲೆಟ್ ಬಂತು. ಅದರ ಕ್ಯಾಮೆರಾ ತಲೆಯಾಟ ನೋಡಿ "ಹೌದು", "ಇಲ್ಲ" ಎಂದು ಗಟ್ಟಿಯಾಗಿ ಹೇಳುತ್ತಿತ್ತು, ಪರದೇಶದ ರೀತಿಯಲ್ಲಿ. ವೆಲಿಚ್ಕಾಗೆ ಅದು ವಿಚಿತ್ರ ಅನ್ನಿಸಲೇ ಇಲ್ಲ. ಯಂತ್ರಕ್ಕೆ ತಕ್ಕಂತೆ ಹುಡುಗಿಯ ತಲೆಯನ್ನೇ ಪಳಗಿಸಿದಳು. ಹುಡುಗಿ ಚುರುಕು. ಶಾಲೆಯಲ್ಲಿ ಒಂದು ತಲೆ, ಮನೆಯಲ್ಲಿ ಅಜ್ಜಿ ಪೆನಾ ಮುಂದೆ ಇನ್ನೊಂದು ತಲೆ.

ವಸಂತದಲ್ಲಿ ಜಿಲ್ಲೆಯಿಂದ ಯಾನೆವಾ ಎಂಬ ಅಧಿಕಾರಿಣಿ ಪರೀಕ್ಷಿಸಲು ಬಂದಳು. ಪಾಠ ಅರ್ಥವಾಗುತ್ತಿದ್ದರೆ ಹುಡುಗಿ ಇಲ್ಲೇ ಉಳಿಯಬಹುದು, ಇಲ್ಲವಾದರೆ ಅಜ್ಜಿಯನ್ನು ಬಿಟ್ಟು ದೂರದ ವಸತಿಶಾಲೆ. ಪೆನಾ ಕರೆಯದಿದ್ದರೂ ತಟ್ಟೆ ತುಂಬ ಬಾನಿತ್ಸಾ ಎಂಬ ಚೀಸ್ ಕಡುಬು ಬೇಯಿಸಿಕೊಂಡು ಬಂದು ಮೊಮ್ಮಗಳ ಎದುರಿಗೇ ಕೂತಳು.

"ಎರಡಕ್ಕೆ ಮೂರು ಕೂಡಿದ್ರೆ ಐದಾ, ಪುಟ್ಟಿ?" ಯಾನೆವಾ ಕೇಳಿ, ಬರೆಯಲು ತಲೆ ಬಗ್ಗಿಸಿದಳು.

ಹುಡುಗಿ ಅಜ್ಜಿಯ ಮುಖ ನೋಡುತ್ತ ತಲೆ ಅಡ್ಡ ಆಡಿಸಿದಳು.

"ಇಲ್ಲ," ಎಂದಿತು ಯಂತ್ರ.

"ಹೌದು ಅಂದ್ಲಲ್ಲಮ್ಮ! ಕಣ್ಣು ಕಾಣಲ್ವಾ ನಿಂಗೆ?" ಪೆನಾ ರೇಗಿದಳು.

"ಅಜ್ಜಿ, ನೀವು ಸುಮ್ನಿರಿ. ಯಂತ್ರ ಹೇಳಿದ್ದೇ ಉತ್ತರ. ನಿಯಮ," ಎಂದಳು ಯಾನೆವಾ ಬರೆಯುತ್ತಲೇ.

ಇಂಥ ನಿಯಮಕ್ಕೆ ಬೆಂಕಿ ಹಾಕಬೇಕು ಅನ್ನಿಸಿತು ನನಗೆ. ಹುಡುಗಿ ಗಾಬರಿಯಾಗಿ ಜೋರುಜೋರಾಗಿ ತಲೆಯಾಡಿಸಿದಳು. "ಇಲ್ಲ. ಇಲ್ಲ. ಇಲ್ಲ." ಅವಳ ಕಣ್ಣಲ್ಲಿ ನೀರು ಬಂತು.

"ಹಾಗಲ್ಲ ಮಗಾ, ನಾನು ಕಲಿಸಿದ್ ಹಾಗೆ..." ಎಂದು ಎದ್ದ ವೆಲಿಚ್ಕಾ ಅಲ್ಲೇ ನಿಂತುಬಿಟ್ಟಳು. ಮುಖ ಕೆಂಪಾಯಿತು.

"ತಪ್ಪು ನಂದು," ಅಂದಳು. "ಹೊಟ್ಟೆಪಾಡಿಗೆ ಪರದೇಶದಲ್ಲಿ ನನ್ ತಲೆ ತಿರುಗಿಸ್ಕೊಂಡೆ. ಇವಳು ಇರೋದು ಇವಳ ಮನೇಲಿ. ಇವಳ್ಯಾಕೆ ತಿರುಗಿಸ್ಕೋಬೇಕು?"

ಟ್ಯಾಬ್ಲೆಟ್ ತೆಗೆದುಕೊಂಡು ಅದರ "ಹೌದು", "ಇಲ್ಲ" ಎರಡನ್ನೂ ಅದಲುಬದಲು ಮಾಡಿದಳು. ಅಷ್ಟೇ ಕೆಲಸ. ಮೊದಲ ದಿನವೇ ಮಾಡಬಹುದಿತ್ತು, ನಮ್ಮಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಯಾನೆವಾ ಮತ್ತೆ ಮೊದಲಿಂದ ಕೇಳಿದಳು. ಈ ಸಲ ಹುಡುಗಿಯನ್ನೇ ನೋಡುತ್ತ ಕೇಳಿದಳು. ಒಂದೂ ತಪ್ಪಲಿಲ್ಲ. ಕೊನೆಗೆ ಪೆನ್ನು ಮುಚ್ಚಿ, "ವಸತಿಶಾಲೆಗೆ ಹೋಗ್ತೀಯಾ, ಪುಟ್ಟಿ?" ಅಂದಳು.

ಸ್ವೆತ್ಲಿನಾ ಥೇಟ್ ಅಜ್ಜಿಯಂತೆ ಗದ್ದ ಮೇಲಕ್ಕೆಸೆದಳು.

"ಇಲ್ಲ!"

ಪೆನಾ ಸೆರಗಿನಂತೆ ಏಪ್ರನ್ ಎತ್ತಿ ಕಣ್ಣೊರೆಸಿಕೊಂಡಳು. "ಹಾಗಾದ್ರೆ ಇಲ್ಲೇ ಇರ್ಲಿ," ಎಂದ ಯಾನೆವಾ ವೆಲಿಚ್ಕಾ ಕಡೆ ತಿರುಗಿ, "ನೀವೇ ನೋಡ್ಕೊಳ್ತೀರಾ?" ಎಂದು ಕೇಳಿದಳು.

ವೆಲಿಚ್ಕಾಳ ತಲೆ ಖುಷಿಯಲ್ಲಿ ಮೇಲೆ ಕೆಳಗೆ, ಮೇಲೆ ಕೆಳಗೆ ಆಡಿತು.

"ಅಯ್ಯೋ, ಇವಳ ತಲೇನೂ ಯಾರಾದ್ರೂ ಅದಲುಬದಲು ಮಾಡ್ರೋ!" ಎಂದು ಪೆನಾ ಅಳುತ್ತಲೇ ಕೂಗಿದಳು. ಎಲ್ಲರಿಗಿಂತ ಮೊದಲು ನಕ್ಕವಳು ಸ್ವೆತ್ಲಿನಾ.