ಅವ್ವನ ಎಡಗೈಗೆ ಒಂದು ಬೆಲ್

ಪಾರ್ಶ್ವವಾಯು ಹೊಡೆದು ಅವ್ವನ ಬಲಗೈ, ಬಲಗಾಲು ಬಿದ್ದುಹೋದವು, ಮಾತೂ ನಿಂತಿತು. ಡೊಂಬಿವಲಿಯ ಆ ಒಂದು ಕೋಣೆಯಲ್ಲಿ ಇದ್ದವರು ನಾವಿಬ್ಬರೇ. ವಾಗ್ಳೆ ಕೈಗಾರಿಕಾ ಎಸ್ಟೇಟಿನ ವಿದ್ಯುತ್ ಮೋಟಾರು ಕಾರ್ಖಾನೆಯಲ್ಲಿ ನಾನು ಟೈಪಿಸ್ಟ್. ಬೆಳಿಗ್ಗೆ ಲೋಕಲ್ ರೈಲು ಹಿಡಿಯದಿದ್ದರೆ ಒಲೆ ಹೊತ್ತುತ್ತಿರಲಿಲ್ಲ. ಎದುರುಮನೆಯ ಉಡುಪಿಯ ಅಕ್ಕ, "ಕರೆದ್ರೆ ಸಾಕು, ಓಡಿ ಬರ್ತೇನೆ" ಎಂದಿದ್ದರು. ಆದರೆ ಕರೆಯಲು ಅವ್ವನಿಗೆ ದನಿ ಎಲ್ಲಿತ್ತು? ಊರಿಗೆ ಕಳಿಸಿಬಿಡು ಎಂದು ನೆಂಟರು ಉಪದೇಶಿಸಿದರು. ನನಗೆ ಮೈಯೆಲ್ಲ ಉರಿಯಿತು. ಅವ್ವ ಇಲ್ಲೇ ಇರುತ್ತಾಳೆ, ಅವಳ ಕೈಗೊಂದು ಬೆಲ್ ಮಾಡಿಕೊಡುತ್ತೇನೆ ಎಂದು ಹಟ ಹಿಡಿದೆ.

ನನಗೆ ಗೊತ್ತಿದ್ದದ್ದು ಶಾಲೆಯ ವಿಜ್ಞಾನವಷ್ಟೇ. ಸೆಲ್ಲಿನಿಂದ ಹೊರಟ ಕರೆಂಟು ಒಂದು ಸುತ್ತು ಹಾಕಿ ಸೆಲ್ಲಿಗೇ ಮರಳಬೇಕು. ನಡುವೆ ಎಲ್ಲಿ ದಾರಿ ಕಡಿದರೂ ಅಲ್ಲಿಗೆ ಮುಗಿಯಿತು. ಅವ್ವನ ಹಾಸಿಗೆಯ ಬಳಿ ಬಟನ್, ಅಕ್ಕನ ಗೋಡೆಗೆ ಬೆಲ್, ಹೋಗಲು ಒಂದು ತಂತಿ, ಬರಲು ಒಂದು. ಕಾರ್ಖಾನೆಯಲ್ಲಿ ಮೋಟಾರಿಗೆ ಸುತ್ತಿ ಉಳಿದ ತಾಮ್ರದ ತಂತಿ ಕೇಳಿ ತಂದು ಪ್ಯಾಸೇಜಿನುದ್ದಕ್ಕೂ ಎಳೆದೆ. ಒತ್ತಿದರೆ ಸದ್ದೇ ಇಲ್ಲ. ತಂತಿ ಹೊಳೆಯುತ್ತಿತ್ತು, ಬರಿಮೈ ಎಂದುಕೊಂಡಿದ್ದೆ. ಅದು ಕರೆಂಟು ದಾಟದ ವಾರ್ನಿಶಿನ ಹೊಳಪು! ತುದಿಗಳನ್ನು ಬ್ಲೇಡಿನಿಂದ ಕೆರೆದೆ. ಈಗ ಬೆಲ್ ಟಿಕ್ ಎಂದು ಸುಮ್ಮನಾಯಿತು. ಕೂದಲಿನಷ್ಟು ಸಣ್ಣ ತಂತಿ, ಅದೂ ಅಷ್ಟುದ್ದ. ಕರೆಂಟು ಹಾದಿಯಲ್ಲೇ ಸೊರಗುತ್ತಿತ್ತು. ಬಿಡಲಿಲ್ಲ. ಪೇಟೆಯಿಂದ ದಪ್ಪ ವೈರು ತಂದೆ, ಸೆಲ್ಲುಗಳನ್ನು ಒಂದರ ಬೆನ್ನಿಗೊಂದು ಜೋಡಿಸಿದೆ. ಬೆಲ್ ಮಹಡಿಗೆಲ್ಲ ಕೇಳುವಂತೆ ಕಿರುಚಿತು.

ಅವ್ವ ಮಾತ್ರ ಒತ್ತಲೊಲ್ಲಳು. ಗಂಟಲು ಒಣಗಿದರೂ ಒತ್ತಳು, ಹಾಸಿಗೆ ಒದ್ದೆಯಾದರೂ ಒತ್ತಳು. ಸಂಜೆ ಬಂದು, "ಯಾಕ ಒತ್ತಲಿಲ್ಲ ಯವ್ವಾ?" ಎಂದು ರೇಗಿದರೆ ಎಡಗೈಯನ್ನು ಎದೆಗೊತ್ತಿ ತಲೆ ಅಲ್ಲಾಡಿಸುತ್ತಿದ್ದಳು. ಮಂದಿಗೆ ತ್ರಾಸ ಕೊಡಬಾರದು ಎಂದೇ ಬದುಕಿದವಳು. ಆ ಸಂಕೋಚದ ಗೋಡೆ ಕೆಡವಲು ನನ್ನ ಯಾವ ಸೆಲ್ಲಿಗೂ ಶಕ್ತಿಯಿರಲಿಲ್ಲ.

ಒಂದು ಮಧ್ಯಾಹ್ನ ಅಕ್ಕ ಒಲೆಯ ಮೇಲೆ ಹಾಲಿಟ್ಟು, ಒಳಕೋಣೆಯಲ್ಲಿ ಮಗು ಮಲಗಿಸುತ್ತ ತಾವೂ ನಿದ್ದೆಹೋದರು. ಸೀದ ವಾಸನೆ ಪ್ಯಾಸೇಜು ದಾಟಿ ಅವ್ವನ ಮೂಗಿಗೆ ಬಂತು. ಅವ್ವ ಬಟನ್ ಒತ್ತಿದವಳು ಬೆರಳನ್ನೇ ಎತ್ತಲಿಲ್ಲವಂತೆ. ಅಕ್ಕ ಗಾಬರಿಯಿಂದ ಎದ್ದಾಗ ಒಲೆಯ ಮೇಲ್ಗಡೆ ಒಣಹಾಕಿದ್ದ ಬಟ್ಟೆಗೆ ಕಿಡಿ ಹತ್ತಿತ್ತು.

"ನಿಮ್ಮಮ್ಮ ಇಲ್ಲದಿದ್ರೆ ನಮ್ಮ ಮಗು ಇರ್ತಿರಲಿಲ್ಲ ಮಾರಾಯ್ತಿ" ಎಂದು ಸಂಜೆ ಅಕ್ಕ ನನ್ನ ಕೈ ಹಿಡಿದು ಅತ್ತರು. ಅವರು ಮನೆಗೆ ಮರಳುತ್ತಿದ್ದಂತೆ ಅಲ್ಲಿ ಬೆಲ್ ಬಡಿದುಕೊಂಡಿತು. ಅಕ್ಕ ತಿರುಗಿ ಓಡಿಬಂದರು. ಅವ್ವ ನನ್ನತ್ತ ನೋಡಲೂ ಇಲ್ಲ. ಬಾಯಿಯ ಹತ್ತಿರ ಎಡಗೈ ಬಾಗಿಸಿ ಅವರಿಗೆ ತೋರಿಸಿದಳು. ಅವಳಿಗೆ ಚಹಾ ಬೇಕಿತ್ತು.