ಕುದ್ದ ಸರೇಸು

ಕಳೆದ ಸೋಮವಾರ ಬೆಳಿಗ್ಗೆ ನಾನು ನಮ್ಮ ಪಡಸಾಲೆಯ ಸ್ಟೂಲಿನ ಮೇಲಿಂದ ಬಿದ್ದೆ. ಬೇಳೆ ಆರಿಸುತ್ತ ಕೂತಿದ್ದೆ. ಸ್ಟೂಲಿನ ಒಂದು ಕಾಲು 'ಪಟ್' ಎಂದು ಕಳಚಿತು. ಬೇಳೆ ಒಂದು ಕಡೆ, ಮೊರ ಒಂದು ಕಡೆ, ನಾನು ಒಂದು ಕಡೆ.

ಎದುರು ಖೋಲಿಯ ಯಮುನಾಕಾಕು ನಕ್ಕದ್ದೇ ನಕ್ಕದ್ದು. "ಬಡಿಗ್ಯಾರ ಮನಿ ಸ್ಟೂಲಿಗೇ ಕಾಲಿಲ್ಲೇನವಾ! ಊರ ಮಂದಿ ಕುರ್ಚಿ ನೆಟ್ಟಗ ಮಾಡ್ತಾನ ನಿನ್ನ ತಮ್ಮ, ಅಕ್ಕನ್ನ ಮಾತ್ರ ನೆಲಕ್ಕ ಕೂಡಸ್ತಾನ!"

ನಾನು ನಗಲಿಲ್ಲ. ಕಳಚಿದ ಕಾಲನ್ನು ಎತ್ತಿ ನೋಡಿದೆ. ಅಂಟಿಸಿದ ಜಾಗವನ್ನು ಉಗುರಿನಿಂದ ಕೆರೆದರೆ ಅಂಟು ಹೊಟ್ಟಿನ ಹಾಗೆ ಉದುರಿತು.  ಈ ಕಾಲು ಅಂಟಿಸಿದ ದಿನವೇ, ಅದೇ ಗಡಿಗೆಯ ಅಂಟಿನಿಂದ, ನನ್ನ ತಮ್ಮ ಒಬ್ಬ ಗಿರಾಕಿಯ ಕುರ್ಚಿಯ ಕೈಯನ್ನೂ ಕೂಡಿಸಿದ್ದ. ಆ ಕುರ್ಚಿಯಲ್ಲಿ ಕೂರುವವರಿಗೆ ಇರುವುದು ಒಂದೇ ಕಾಲು.

ಪತ್ರಿಕೆಯ ಈ ಮೂಲೆಯಲ್ಲಿ ನಾನು ಪ್ರತಿ ವಾರ ನಳದ ಜಗಳ, ಸೀಮೆಎಣ್ಣೆಯ ಸಾಲು, ಉಪ್ಪಿನಕಾಯಿ ಕೆಟ್ಟ ಕಥೆ ಬರೆಯುತ್ತೇನೆ. ನೀವು ಓದಿ ನಗುತ್ತೀರಿ. (ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ಇಷ್ಟು ಬರೆಯುವುದೇ ಹೆಚ್ಚು ಎಂದು ಮಾಫಿಯನ್ನೂ ಕೊಡುತ್ತೀರಿ.) ಈ ವಾರ ನಗುವಂಥದ್ದು ಯಮುನಾಕಾಕುವಿನ ಮಾತು ಒಂದೇ. ಉಳಿದದ್ದೆಲ್ಲ ನನ್ನ ತಪ್ಪು.

ನನ್ನ ತಮ್ಮ ಮಾನಪ್ಪ ಇಲ್ಲಿ, ಈ ಮರಾಠಿ ಊರಿನ ಕಸಬಾ ಪೇಠೆಯಲ್ಲಿ, ಹಳೆ ಕುರ್ಚಿ, ಮೇಜು, ಕಪಾಟು ರಿಪೇರಿ ಮಾಡುತ್ತಾನೆ. ಮುಂದೆ ಅಂಗಡಿ, ಹಿಂದೆ ಮನೆ. ಅವನ ಕೆಲಸಕ್ಕೆ ಬೇಕಾದ ಸರೇಸು ಕಾಯಿಸುವುದು ನನ್ನ ಪಾಲು. ಸರೇಸು ಎಂದರೆ ದನದ ತೊಗಲು, ಎಲುಬುಗಳಿಂದ ತೆಗೆದ ಅಂಟು. ಬಜಾರಿನಲ್ಲಿ ಕಂದು ಬಣ್ಣದ ಬಿಲ್ಲೆಗಳಾಗಿ ಸಿಗುತ್ತದೆ. (ಮಡಿಯವರು ಕ್ಷಮಿಸಬೇಕು. ನಿಮ್ಮ ದೇವರ ಮಂಟಪಕ್ಕೆ ಅವನು ಇದನ್ನು ಮುಟ್ಟಿಸುವುದಿಲ್ಲ, ಬಿದಿರಿನ ಗೂಟ ಹೊಡೆಯುತ್ತಾನೆ. ಆದರೆ ನೀವು ಈಗ ಕೂತಿರುವ ಕುರ್ಚಿಯ ಖಾತ್ರಿ ನಾನು ಕೊಡಲಾರೆ.)

ಆ ಬಿಲ್ಲೆಗಳನ್ನು ಮೊದಲು ತಣ್ಣೀರಿನಲ್ಲಿ ಚೆನ್ನಾಗಿ ನೆನೆಹಾಕಬೇಕು. ಉಬ್ಬಿ ಮೆತ್ತಗಾದ ಮೇಲೆ ಸಣ್ಣ ಗಡಿಗೆಗೆ ಹಾಕಿ, ಆ ಗಡಿಗೆಯನ್ನು ನೀರಿರುವ ದೊಡ್ಡ ಪಾತ್ರೆಯೊಳಗೆ ಇಟ್ಟು, ಹಿತ್ತಲ ಇದ್ದಿಲ ಶೇಗಡಿಯ ಮೇಲೆ ಕಾಯಿಸಬೇಕು. ಬೆಂಕಿ ನೀರಿಗೆ ತಾಗಬೇಕು, ಸರೇಸಿಗೆ ತಾಗಬಾರದು. ಬಿಸಿಯಾಗಬೇಕು, ಕುದಿಯಬಾರದು. ಹದವಾಗಿ ಕಾದ ಸರೇಸು ಮರಕ್ಕಿಂತ ಗಟ್ಟಿ. ಜಗ್ಗಿದರೆ ಮರ ಸೀಳುತ್ತದೆ, ಜೋಡಣೆ ಬಿಡುವುದಿಲ್ಲ. ಮುಂದೆಂದಾದರೂ ಬಿಚ್ಚಬೇಕಾದರೆ ಬಿಸಿನೀರಿನ ಬಟ್ಟೆ ಸುತ್ತಿದರೆ ಸಾಕು, ತಾನಾಗಿ ಬಿಡುತ್ತದೆ. ಆದರೆ ಒಮ್ಮೆ ಕುದ್ದಿತೋ, ಅದರ ಜೀವ ಹೋಯಿತು. ಮೇಲೆ ನೋಡಿದರೆ ಗೊತ್ತಾಗುವುದಿಲ್ಲ. ಮೂಗಿಗೆ ಗೊತ್ತಾಗುತ್ತದೆ. ಸುಟ್ಟ ಕೂದಲಿನ ವಾಸನೆ.

ಕುರ್ಚಿಯ ಕೈ ಕೂಡಿಸಬೇಕಾದ ದಿನ ಮಾನಪ್ಪನಿಗೆ ಭಾರಿ ನೆಗಡಿ. "ಅಕ್ಕಾ, ಇವತ್ತ ನನ್ನ ಮೂಗು ಕೆಲಸಕ್ಕ ಬಂದಿಲ್ಲ. ನೀನ ನನ್ನ ಮೂಗು" ಎಂದು ನಕ್ಕು ಹೋದ.

ಆ ಮೂಗು ಎಲ್ಲಿಗೆ ಹೋಯಿತು? ನಳದ ಹತ್ತಿರ! ಯಾರದೋ ಸೊಸೆ ತವರಿಗೆ ಹೋದ ಕಥೆ ಅರ್ಧಕ್ಕೆ ಬಂದಿತ್ತು. ಬಿಟ್ಟು ಬರಲು ಮನಸ್ಸಾಗಲಿಲ್ಲ. ಕಥೆ ಮುಗಿಸಿಕೊಂಡು ಬಂದು ನೋಡಿದರೆ ದೊಡ್ಡ ಪಾತ್ರೆಯ ನೀರು ಬತ್ತಿ ಹೋಗಿತ್ತು. ಸಣ್ಣ ಗಡಿಗೆಯಲ್ಲಿ ಸರೇಸು ಬುಳುಬುಳು ಕುದಿಯುತ್ತಿತ್ತು. ವಾಸನೆ ಹಿತ್ತಲ ತುಂಬ.

ಚೆಲ್ಲಬೇಕಿತ್ತು. ಆದರೆ ಅದು ಮನೆಯಲ್ಲಿದ್ದ ಕೊನೆಯ ಸರೇಸು. ಈಗಿನ ಯುದ್ಧದ ದೆಸೆಯಿಂದ ಬಜಾರಿನಲ್ಲಿ ಬಿಲ್ಲೆ ಸಿಗುವುದೇ ದುರ್ಲಭ. ಮರುದಿನ ಬೆಳಿಗ್ಗೆ ಕುರ್ಚಿ ಒಯ್ಯಲು ನದಿಯಾಚೆಯ ದಂಡಿನ ಪೇಟೆ ಖಡಕಿಯಿಂದ ಗಾಡಿ ಬರುವುದಿತ್ತು. ಒಂದು ಲೋಟ ಬಿಸಿನೀರು ಹೊಯ್ದೆ, ತಿರುವಿದೆ, ಒಯ್ದು ಕೊಟ್ಟೆ.

ಮಾನಪ್ಪ ಹೆಬ್ಬೆರಳು, ತೋರುಬೆರಳಿನ ನಡುವೆ ಹಚ್ಚಿಕೊಂಡು ಎಳೆ ಬಿಡಿಸಿ ನೋಡಿದ. "ತೆಳ್ಳಗ ಅದ ಅಲ್ಲ? ಕುದೀಲಿಲ್ಲಲ್ಲ ಅಕ್ಕಾ?"

"ಇಲ್ಲಪಾ."

ಅಷ್ಟೇ. ಒಂದು ಮಾತು. ಅವನು ನಂಬಿದ. ಮೊದಲು ಕುರ್ಚಿಯ ಬಲಗೈ ಕೂಡಿಸಿದ. ಮಿಕ್ಕದ್ದನ್ನು ಹಾಳು ಮಾಡುವುದೇಕೆಂದು ನಮ್ಮ ಸ್ಟೂಲಿನ ಕಾಲಿಗೆ ಹಚ್ಚಿದ.

ಕುರ್ಚಿ ಖಡಕಿಯ ಒಬ್ಬ ಪಿಂಚಣಿದಾರ ಸುಬೇದಾರರದು. ಹಿಂದಿನ ಯುದ್ಧದಲ್ಲಿ ಎಡಗಾಲು ಕಳೆದುಕೊಂಡವರು. ಕುರ್ಚಿ ಕೊಡಲು ಬಂದಾಗ ಅವರು ನಮ್ಮ ಬೆಂಚಿನಿಂದ ಏಳುವುದನ್ನು ನೋಡಿದ್ದೆ. ಬಲಗೈಯನ್ನು ಬೆಂಚಿನ ಅಂಚಿಗೆ ಊರಿ, ಮೈಯ ಭಾರವನ್ನೆಲ್ಲ ಅದರ ಮೇಲೆ ಬಿಟ್ಟು, ಒಂದೇ ಏಟಿಗೆ ಎದ್ದಿದ್ದರು. ಆಮೇಲೆ ಊರುಗೋಲು.

ಕುರ್ಚಿ ಹೋದಂದಿನಿಂದ ನನಗೆ ಊಟ ರುಚಿಸಲಿಲ್ಲ. ಎಲ್ಲಿ ಏನು 'ಕಟ್' ಎಂದರೂ ತಿರುಗಿ ನೋಡುತ್ತಿದ್ದೆ. ಅಂಚೆಯವನು ಅಂಗಡಿಯ ಮುಂದೆ ನಿಂತರೆ ಒಳಗೆ ಹೋಗಿ ಬಾಗಿಲ ಸಂದಿಯಿಂದ ನೋಡುತ್ತಿದ್ದೆ. ಆದರೂ ಏನೂ ಆಗಲಿಲ್ಲ. ಆಗಲಿಲ್ಲವಲ್ಲ, ಅಂಟು ಹಿಡಿದಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಹನ್ನೊಂದು ದಿನ. ಹನ್ನೆರಡನೆಯ ದಿನ ಸ್ಟೂಲು ನನ್ನನ್ನು ನೆಲಕ್ಕೆ ಹಾಕಿತು.

ಸ್ಟೂಲಿನ ಕಾಲನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋದೆ. "ಮಾನಪ್ಪಾ, ಅವತ್ತ ಸರೇಸ ಕುದ್ದಿತ್ತು."

"ಯಾವತ್ತ?"

"ಸುಬೇದಾರರ ಕುರ್ಚಿ ದಿನ."

ಬೈಯುತ್ತಾನೆ ಎಂದುಕೊಂಡೆ. ಬೈಯಲಿಲ್ಲ. ಉಳಿ ಕೆಳಗಿಟ್ಟ, ಟೋಪಿ ಹಾಕಿಕೊಂಡ. "ಟಾಂಗಾ ನೋಡ್ತೀನಿ. ನೀನೂ ನಡಿ."

ಟಾಂಗಾದಲ್ಲಿ ಅವನು ಕೇಳಿದ್ದು ಒಂದೇ: "ಎಷ್ಟು ಹೊತ್ತು ಕುದ್ದಿತ್ತು?" ಗೊತ್ತಿಲ್ಲ ಎಂದೆ. ಸಂಗಮದ ಸೇತುವೆ ದಾಟುವಾಗ ಖಡಕಿಯ ಕಾರ್ಖಾನೆಯ ಭೋಂಗಾ ಕೂಗಿತು. ದಿನವೂ ಕೂಗುವ ಭೋಂಗಾ. ನನಗೆ ಮಾತ್ರ ಯಾರೋ ಬಿದ್ದು ಅರಚಿದ ಹಾಗೆ ಕೇಳಿಸಿತು.

ಸುಬೇದಾರರು ವರಾಂಡದಲ್ಲಿ ಅದೇ ಕುರ್ಚಿಯಲ್ಲಿ ಕೂತು ಪೇಪರ್ ಓದುತ್ತಿದ್ದರು. ಅಯ್ಯೋ, ಇನ್ನೂ ಇದ್ದಾರೆ! ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅವರು ನನ್ನನ್ನು ನೋಡಿದರು. ಹೆಂಗಸರು ಬಂದರೆ ಎದ್ದು ನಿಲ್ಲುವುದು ಅವರ ಪಲ್ಟನ್ನಿನ ರೀತಿ. ಪೇಪರ್ ಮಡಿಸಿ, ಬಲಗೈಯನ್ನು ಕುರ್ಚಿಯ ಕೈಗೆ ಊರಿದರು.

"ಉಠೂ ನಕಾ!" ಎಂದು ಮಾನಪ್ಪ ಚೀರಿದ. ಏಳಬೇಡಿ ಎಂದು. ಮೆಟ್ಟಿಲು ಹಾರಿ, ಅವರ ಕಂಕುಳಿನ ಕೆಳಗೆ ತನ್ನ ಭುಜ ಕೊಟ್ಟ. ಅದೇ ಕ್ಷಣಕ್ಕೆ 'ಪಟ್'. ಕುರ್ಚಿಯ ಕೈ ಕಲ್ಲು ನೆಲದ ಮೇಲೆ ಬಿತ್ತು. ಸುಬೇದಾರರು ತಮ್ಮನ ಮೇಲೆ ಬಿದ್ದರು. ಮಾನಪ್ಪ ಗೋಡೆಗೆ ಒರಗಿ ನಿಂತ. ಒಂದು ಹೆಜ್ಜೆ ತಡವಾಗಿದ್ದರೆ?

ಅವರನ್ನು ಮಂಚದ ಮೇಲೆ ಕೂರಿಸಿದ. ಮುಂದಿನ ಮಾತೆಲ್ಲ ಮರಾಠಿಯಲ್ಲಿ ನಡೆಯಿತು, ನಿಮಗಾಗಿ ಕನ್ನಡಕ್ಕೆ ತಂದಿದ್ದೇನೆ.

"ಇದೇನು, ಮಿಸ್ತ್ರಿ?"

"ನನ್ನ ತಪ್ಪು ಸಾಹೇಬ. ಸರೇಸು ಕುದ್ದಿತ್ತು. ನಾನು ನೋಡದೆ ಹಚ್ಚಿದೆ."

ನಾನು ಹಿಂದೆ ನಿಂತಿದ್ದೆ. ಬಾಯಿ ತೆರೆಯಲು ಅದೇ ಹೊತ್ತು. ತೆರೆಯಲಿಲ್ಲ. ಸೆರಗು ಮುಂದೆ ಎಳೆದುಕೊಂಡೆ.

"ತನ್ನ ಬಂದೂಕನ್ನೇ ನೋಡದ ಸಿಪಾಯಿಗೆ ನಾನು ಎಂದೂ ಮಾಫಿ ಕೊಟ್ಟವನಲ್ಲ," ಎಂದರು ಸುಬೇದಾರರು. ದನಿ ಏರಿಸಲಿಲ್ಲ. "ಕುರ್ಚಿ ಇಲ್ಲೇ ಇರಲಿ. ಬೇರೆ ಮಿಸ್ತ್ರಿ ನೋಡುತ್ತಾನೆ. ಇಲ್ಲಿನ ನಾಲ್ಕು ಮನೆಗಳಿಗೆ ನಿನ್ನ ಹೆಸರು ಹೇಳಿದ್ದೆ. ಅದನ್ನೂ ವಾಪಸ್ ತೆಗೆದುಕೊಳ್ಳುತ್ತೇನೆ."

ಆಮೇಲೆ ನನ್ನ ಕಡೆ ತಿರುಗಿ ಮೆತ್ತಗೆ ಕೇಳಿದರು: "ತಾಯಿ, ನೀವು ಯಾಕೆ ಇಷ್ಟು ದೂರ ಬಂದಿರಿ?"

"ಸುಮ್ಮನೆ, ತಮ್ಮನ ಜೊತೆ," ಎಂದೆ.

ಚಹಾ ತರಿಸಿದರು. ಕುಡಿದೆ.

ಹಿಂದಿರುಗುವಾಗ ಮಾನಪ್ಪ ಭುಜ ಒತ್ತಿಕೊಳ್ಳುತ್ತಿದ್ದ. ಸೇತುವೆ ದಾಟಿದ ಮೇಲೆ ಹೇಳಿದ: "ಕುದ್ದದ್ದಕ್ಕ ಸಿಟ್ಟಿಲ್ಲ ಅಕ್ಕಾ. ನನ್ನ ಕೈಯಾಗೂ ಕುದ್ದಿತ್ತು ಒಮ್ಮೆ. ನೀ 'ಇಲ್ಲಪಾ' ಅಂದಿ ನೋಡು, ಅದಕ್ಕ."

"ಮತ್ತ ಅಲ್ಲಿ ನನ್ನ ಹೆಸರು ಯಾಕ ಹೇಳ್ಲಿಲ್ಲ?"

"ಹೇಳ್ತೀ ಅಂತ ದಾರಿ ನೋಡಿದೆ."

ಮರುದಿನ ಹಿತ್ತಲಿಗೆ ಹೋದರೆ ಶೇಗಡಿ ಇರಲಿಲ್ಲ. ಎರಡೂ ಪಾತ್ರೆಗಳೂ ಇರಲಿಲ್ಲ. ಅಂಗಡಿಯಲ್ಲಿ ತನ್ನ ಬೆಂಚಿನ ಪಕ್ಕಕ್ಕೆ ಒಯ್ದಿಟ್ಟುಕೊಂಡಿದ್ದಾನೆ. ಈಗ ತಾನೇ ಕಾಯಿಸುತ್ತಾನೆ. ನಡುನಡುವೆ ಬಗ್ಗಿ ಮೂಸಿ ನೋಡುತ್ತಾನೆ. ನಾನು ಹತ್ತಿರ ಹೋದರೆ "ಏನ್ ಬೇಕಕ್ಕಾ?" ಎನ್ನುತ್ತಾನೆ, ಗಿರಾಕಿಯನ್ನು ಕೇಳಿದ ಹಾಗೆ. ಸುಬೇದಾರರು ಬೀಳುತ್ತಾರೆ ಎಂಬ ಹೆದರಿಕೆ ಹೋಯಿತು. ಆ ಜಾಗಕ್ಕೆ ಈ ದನಿಯ ಹೆದರಿಕೆ ಬಂದು ಕೂತಿದೆ. ಖಡಕಿಯಿಂದ ಬರಬೇಕಿದ್ದ ಎರಡು ಕಪಾಟು ಇನ್ನೂ ಬಂದಿಲ್ಲ. ಬರುವುದೂ ಇಲ್ಲ.

ಎಲ್ಲವನ್ನೂ ನಿಮ್ಮ ಮುಂದೆ ಹೇಳಿ ಹಗುರಾಗುತ್ತೇನೆ ಎಂದುಕೊಂಡು ಬರೆಯಲು ಕೂತೆ. ಹಗುರಾಗಲಿಲ್ಲ. ಖಡಕಿಗೆ ದಿನವೂ ಟಾಂಗಾ ಹೋಗುತ್ತದೆ. ನನಗೆ ಮರಾಠಿ ಬಾಯಿ ತುಂಬ ಬರುತ್ತದೆ. ಸುಬೇದಾರರಿಗೆ ಕನ್ನಡದ ಒಂದಕ್ಷರವೂ ಬಾರದು.

ಹಾಗಿದ್ದರೆ ನಾನು ಇದನ್ನು ಕನ್ನಡದಲ್ಲಿ ಯಾಕೆ ಬರೆದೆ?