ದ್ಯಾಮಣ್ಣ ಪರದೆ ಬಿಡದ ಸಂಜೆ

ಬೆಳಗಿನ ಐದೂವರೆ. ಹುಬ್ಬಳ್ಳಿ ತಾಲ್ಲೂಕಿನ ಸುಳ್ಳ ಗ್ರಾಮದ ಜನತಾ ಪ್ಲಾಟು. ಅದರ ತುದಿಯ ತಗಡಿನ ಶೆಡ್ಡಿನಲ್ಲಿ ದ್ಯಾಮಣ್ಣ ಹಗ್ಗಕ್ಕೆ ಮೇಣ ತಿಕ್ಕುತ್ತಿದ್ದಾರೆ. ಹಗ್ಗ ಒಣಗಿದರೆ ಗಾಲಿಯಲ್ಲಿ ಕಿರುಗುಟ್ಟುತ್ತದೆ, ಕಿರುಗುಟ್ಟಿದರೆ ಪರದೆ ಬೀಳುವ ಸಂಗತಿ ಪ್ರೇಕ್ಷಕರಿಗೆ ಮೊದಲೇ ತಿಳಿದುಬಿಡುತ್ತದೆ. ಸದ್ಯಕ್ಕೆ ಪ್ರೇಕ್ಷಕರೆಂದರೆ ಬಾಗಿಲಲ್ಲಿ ಮಲಗಿದ ಒಂದು ನಾಯಿ ಮಾತ್ರ. ಆದರೂ ದ್ಯಾಮಣ್ಣನವರ ಶಿಸ್ತು ನಾಯಿಗೊಂದು, ಮನುಷ್ಯರಿಗೊಂದು ಅಲ್ಲ.

ಇನ್ನು ಹತ್ತು ನಿಮಿಷದಲ್ಲಿ ಇಪ್ಪತ್ಮೂರು ಮಕ್ಕಳು ಕಣ್ಣುಜ್ಜುತ್ತ ಬರುತ್ತಾರೆ. ಹತ್ತರಿಂದ ಹದಿನೇಳು ವರ್ಷದವರು. ಏಳಕ್ಕೆ ಕೂಲಿಯವರನ್ನು ಮೆಣಸಿನಕಾಯಿ ಹೊಲಕ್ಕೆ ಒಯ್ಯುವ ಟಂಟಂ ಬರುತ್ತದೆ. ಸಾಲಿ ಇಲ್ಲದ ದಿನ ಇವರಲ್ಲಿ ಅರ್ಧದಷ್ಟು ಮಂದಿ ಅದನ್ನೇ ಹತ್ತುತ್ತಾರೆ. ಆದ್ದರಿಂದ ಕಲೆಗೆ ಇಲ್ಲಿ ಸಿಗುವುದು ಒಂದೂಕಾಲು ತಾಸು.

ದ್ಯಾಮಣ್ಣ ನಟರಲ್ಲ, ನಾಟಕಕಾರರಲ್ಲ. ಹುಟ್ಟಿದ್ದು ಹುಬ್ಬಳ್ಳಿಯ ಕಮರಿಪೇಟೆಯಲ್ಲಿ, ದುಡಿದದ್ದು ಊರೂರು ತಿರುಗುವ ನಾಟಕ ಕಂಪನಿಗಳಲ್ಲಿ, ಇಪ್ಪತ್ತಾರು ವರ್ಷ, ಪರದೆ ಎಳೆಯುವವರಾಗಿ. ಹಸ್ತಪತ್ರಿಕೆಯಲ್ಲಿ ಸೋಡಾ ಅಂಗಡಿಯ ಹೆಸರು ಬರುತ್ತಿತ್ತು, ಇವರದು ಬರುತ್ತಿರಲಿಲ್ಲ. ಕಂಪನಿ ಮುಚ್ಚಿದ ಮೇಲೆ ಹೆಂಡತಿಯ ಊರಾದ ಸುಳ್ಳಕ್ಕೆ ಬಂದರು. ಹಗಲು ಹತ್ತಿ ಮಿಲ್ಲಿನಲ್ಲಿ ಗೋಣಿಚೀಲ ಹೊಲಿಯುತ್ತಾರೆ. ಈಗ ಐವತ್ತೊಂಬತ್ತು.

"ರಾಜಾನ ಮೀಸಿ ಜಾರಿದ್ರ ಪರದಿ ಬಿಡ್ತಿದ್ದೆ. ಧೋತರ ಸಡಲಾದ್ರೂ ಬಿಡ್ತಿದ್ದೆ. ಮಂದಿ ಅಂಕ ಮುಗೀತು ಅಂತ ಚುರಮರಿ ತಿನ್ನಾಕ ಎದ್ದು ಹೋಗ್ತಿದ್ರು. ಇಪ್ಪತ್ತಾರು ವರ್ಷದಾಗ ನನ್ನ ಕೈಯಾಗ ಯಾವ ರಾಜಾನ ಮರ್ಯಾದೀನೂ ಹೋಗಿಲ್ರಿ."

ಈ ಮಾತನ್ನು ಅವರು ಮೊದಲು ಎದೆಯುಬ್ಬಿಸಿ ಹೇಳುತ್ತಿದ್ದರು. ಈಗ ಹೇಳಿ ಮುಗಿಸಿ ಹಗ್ಗದ ಕಡೆ ನೋಡುತ್ತಾರೆ.

ಮಕ್ಕಳ ನಾಟಕ ಶುರುವಾಗಿ ನಾಲ್ಕು ವರ್ಷ. ಪರದೆಗೆ ಬಟ್ಟೆ ಇರಲಿಲ್ಲ. ಪ್ಲಾಟಿನ ಮೂವತ್ತೊಂದು ಮನೆಯವರು ಒಂದೊಂದು ಹಳೆಯ ಸೀರೆಯ ತುಂಡು ಕೊಟ್ಟರು, ಹೆಂಗಸರೆಲ್ಲ ಕೂತು ಕೌದಿಯ ಹಾಗೆ ಹೊಲಿದರು. ಒಂದು ಸೀರೆಯ ಅಂಚಿಗಾಗಿ ಇಬ್ಬರು ವಾರಗಿತ್ತಿಯರು ಹದಿನೈದು ದಿನ ಮಾತು ಬಿಟ್ಟಿದ್ದೂ ಉಂಟು. ಆದರೆ ನಲ್ಲಿ ಒಣಗಿ ಮೂರು ತಿಂಗಳಾದಾಗ ಮಕ್ಕಳು ಕೊಡಗಳೆಲ್ಲ ಸೇರಿ ಸಭೆ ನಡೆಸುವ ನಾಟಕ ಆಡಿದರು. ಪಂಚಾಯ್ತಿ ಸದಸ್ಯರು ಮುಂದಿನ ಸಾಲಿನಲ್ಲಿ ಕೂತು ಎಲ್ಲರಿಗಿಂತ ಜೋರಾಗಿ ನಕ್ಕರು. ಐದನೆಯ ದಿನ ನೀರು ಬಂತು. ಅಂದಿನಿಂದ ಸದಸ್ಯರು ಕೂರುವುದು ಹಿಂದಿನ ಸಾಲಿನಲ್ಲಿ. ಅಲ್ಲಿಯ ತನಕ ಪ್ಲಾಟಿನ ಕಡೆ ಮುಖ ಹಾಕದಿದ್ದ ಊರಿನವರೂ ಬಂದು ಅದೇ ತಾಡಪಾಲಿನ ಮೇಲೆ ಕೂರತೊಡಗಿದರು. ಸಾಲಿ ಬಿಟ್ಟಿದ್ದ ಆರು ಮಕ್ಕಳು ಮರಳಿ ಹೋದರು, ಮಾತು ಬಾಯಿಪಾಠ ಮಾಡಲು ಓದಾದರೂ ಬರಬೇಕಲ್ಲ.

ಹೆಸರು ಧಾರವಾಡಕ್ಕೆ ಮುಟ್ಟಿತು. ಅಲ್ಲಿಯ ಸಂಸ್ಥೆಯೊಂದರಿಂದ ಸುಹಾಸಿನಿ ಎಂಬವರು ಬಂದು ಮೂರು ದಿನ ತರಬೇತಿ ಕೊಟ್ಟರು. ಒಳ್ಳೆಯ ಮನಸ್ಸಿನವರು. ಕಥೆಯನ್ನು ಬೇರೆಲ್ಲೂ ಹುಡುಕಬೇಡಿ, ನಿಮ್ಮ ಮನೆಯಿಂದಲೇ ಒಂದು ದೃಶ್ಯ ತನ್ನಿ ಎಂದರು. ಮಕ್ಕಳು ತಂದರು.

ಒಂಬತ್ತನೆಯ ತರಗತಿಯ ಭಾಗ್ಯಶ್ರೀ ತಂದದ್ದು ತನ್ನ ತಾಯಿಯನ್ನು. ಕಾಳವ್ವ ಪ್ರತಿ ಮಂಗಳವಾರ ಹುಬ್ಬಳ್ಳಿ ಮಾರುಕಟ್ಟೆಗೆ ಹೋಗಿ, ಚೀಲ ಇಳಿಸುವಾಗ ನೆಲಕ್ಕೆ ಉದುರಿದ ಉಳ್ಳಾಗಡ್ಡಿ ಆರಿಸಿ ತರುತ್ತಿದ್ದರು. ಆದರೆ ಊರಲ್ಲಿ ಬಸ್ಸಿಳಿದಾಗ, ದುಡ್ಡು ಕೊಟ್ಟು ಕೊಂಡಿದ್ದು ಅನ್ನುತ್ತಿದ್ದರು. ಗುಟ್ಟು ಗೊತ್ತಿದ್ದದ್ದು ಸಾಲಿಗೆ ರಜೆ ಇದ್ದಾಗ ಜೊತೆಗೆ ಹೋಗುತ್ತಿದ್ದ ಮಗಳಿಗಷ್ಟೇ. ತಾಲೀಮಿನಲ್ಲಿ ದ್ಯಾಮಣ್ಣ, ಇದು ಖರೇ ಏನು ಎಂದು ಕೇಳಿದರು. ಖರೇ ಎಂದಳು. ನಿಮ್ಮವ್ವಗ ಗೊತ್ತೈತೇನು ಎಂದು ಕೇಳಲಿಲ್ಲ.

ಏಳು ವಾರದ ಹಿಂದಿನ ಭಾನುವಾರ ಸಂಜೆ, ಸಾಲಿಯ ಅಂಗಳದಲ್ಲಿ ಇನ್ನೂರು ಜನ. ಭಾಗ್ಯಶ್ರೀ ಸೆರಗು ಹಾಸಿದಳು. ಮಳೆ ಬಂದೀತೇ ಎಂದು ಮುಗಿಲು ನೋಡುವವರ ಹಾಗೆ ಮುಖ ಮೇಲೆ ಮಾಡಿ, ಕಾಲ ಬೆರಳಿಂದ ಉಳ್ಳಾಗಡ್ಡಿಯನ್ನು ಹತ್ತಿರ ಎಳೆದುಕೊಂಡಳು. ಬಸ್ಸಿಳಿದು, ಗಂಟು ಸೊಂಟಕ್ಕೇರಿಸಿ ನೆರೆಯಾಕೆಗೆ, "ಭಾಳ ತುಟ್ಟಿ ಆಗ್ಯಾವರಿ ಅಕ್ಕಾರ. ಆದ್ರೂ ಕೊಂಡ್ನಿ, ಏನ್ ಮಾಡೂದು" ಅಂದಳು. ಜನ ಬಿದ್ದು ಬಿದ್ದು ನಕ್ಕರು. ಆ ನಡಿಗೆ, ಆ ಮಾತು ಯಾರದೆಂದು ಒಬ್ಬರಿಗೆ ಹೊಳೆಯಿತು. ಆಮೇಲೆ ಮೂರು ಸಾಲು ಒಟ್ಟಿಗೆ ಹಿಂದೆ ತಿರುಗಿ ಕಾಳವ್ವನನ್ನು ನೋಡಿತು.

"ಮಂದಿ ತಿರುಗಿದ್ದು ನನಗ ಕಂಡಿತ್ತರಿ. ಹಗ್ಗ ಕೈಯಾಗ ಇತ್ತು. ಆದ್ರ ನಮ್ಮ ಹುಡುಗೂರಿಗೆ ಅಷ್ಟ ಚಪ್ಪಾಳಿ ಯಾವತ್ತೂ ಬಿದ್ದಿರಲಿಲ್ಲ. ಇನ್ನೊಂದೀಟ ಬೀಳ್ಲಿ ಅಂತ ಪರದಿ ಬಿಡ್ಲಿಲ್ಲ."

ಕಾಳವ್ವ ಎದ್ದು ಹೋಗಲಿಲ್ಲ. ಸೆರಗು ಸರಿಪಡಿಸಿಕೊಂಡು ಕೊನೆಯ ತನಕ ಕೂತು, ಮಗಳ ಬಟ್ಟೆಯ ಚೀಲ ತಾವೇ ಹೊತ್ತು ಮನೆಗೆ ನಡೆದರು. ಬೈದಿದ್ದರೆ ದ್ಯಾಮಣ್ಣನವರಿಗೆ ಹಗುರವಾಗುತ್ತಿತ್ತು. ಮೂರನೆಯ ದಿನ ಅವರೇ ಹೋಗಿ ಹೊಸ್ತಿಲಾಚೆ ನಿಂತು, ತಪ್ಪಾಯಿತು ಅಂದರು. ಕಾಳವ್ವ ನೀರು ಕೊಟ್ಟರು, ಹಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದರು.

"ನನ್ನ ಮಗಳು ಸಣ್ಣಾಕಿ, ತಿಳೀಲಿಲ್ಲ. ಹಗ್ಗ ನಿಮ್ಮ ಕೈಯಾಗ ಇತ್ತಲ್ಲರಿ, ಕಾಕಾ."

ಈಗ ಊರಿನ ಬಸ್ ಸ್ಟ್ಯಾಂಡಿನಲ್ಲಿ ಕಾಳವ್ವನನ್ನು ಕಂಡರೆ ಯಾರಾದರೊಬ್ಬರು ಉಳ್ಳಾಗಡ್ಡಿಯ ದರ ಕೇಳುತ್ತಾರೆ. ಅದಕ್ಕೇ ಅವರು ಮುಂದಿನ ಸ್ಟಾಪಿನ ತನಕ ನಡೆದುಹೋಗಿ ಬಸ್ಸು ಹತ್ತುತ್ತಾರೆ. ಭಾಗ್ಯಶ್ರೀ ತಾಲೀಮಿಗೆ ಬರುವುದು ಬಿಟ್ಟಿದ್ದಾಳೆ. ಸುಹಾಸಿನಿ ಫೋನು ಮಾಡಿ, ಅದು ಭಾಳ ಧೈರ್ಯದ ದೃಶ್ಯ, ಧಾರವಾಡದ ಉತ್ಸವಕ್ಕೆ ತರಬೇಕು ಅಂದರು.

"ಧೈರ್ಯ ಆ ಹುಡುಗಿ ಅವ್ವಂದರಿ, ಬಾಯಾರ. ಚಪ್ಪಾಳಿ ನಾವು ತಗೊಂಡ್ವಿ" ಎಂದು ದ್ಯಾಮಣ್ಣ ಫೋನಿಟ್ಟರು. ತರಬೇತಿಯ ಪುಸ್ತಿಕೆಯಲ್ಲಿ ಪರದೆಯ ಬಗ್ಗೆ ಅಧ್ಯಾಯವಿರಲಿಲ್ಲ.

ಆಮೇಲೆ ಅವರು ತಮ್ಮದೇ ಒಂದು ಪದ್ಧತಿ ಮಾಡಿದ್ದಾರೆ. ಮನೆಯ ದೃಶ್ಯವನ್ನು ಮೊದಲು ಆ ಮನೆಯ ಹೊಸ್ತಿಲಲ್ಲೇ ಆಡಿ ತೋರಿಸಬೇಕು. ಮನೆಯವರು ಬೇಡವೆಂದು ತಲೆ ಅಲ್ಲಾಡಿಸಿದರೆ ಅಲ್ಲಿಗೇ ಮುಗಿಯಿತು. ಹನ್ನೊಂದರಲ್ಲಿ ಏಳು ದೃಶ್ಯಗಳು ಹಾಗೇ ಹೋದವು. ಉಳಿದವಕ್ಕೆ ಹಗ್ಗ ಆ ಮನೆಯವರ ಕೈಯಲ್ಲಿ. ಅದಕ್ಕಾಗಿ ಹಗ್ಗಕ್ಕೆ ಮೂವತ್ತು ಅಡಿ ಜೋಡಿಸಿ, ಪ್ರೇಕ್ಷಕರ ನಡುವಿನ ತನಕ ಒಯ್ದಿದ್ದಾರೆ. ಮೊದಲ ಸಲ ಹಿಡಿದ, ಒಬ್ಬ ಹುಡುಗನ ಅಪ್ಪ ಬಸಣ್ಣ ತಮ್ಮ ಗೊರಕೆಯ ದೃಶ್ಯಕ್ಕೆ ಮೂರು ಸಲ ಪರದೆ ಕೆಡವಿದರು. ನಾಲ್ಕನೆಯ ಸಲ ನಗು ತಡೆಯಲಾಗದೆ ಪರದೆ ಬಿಡುವುದನ್ನೇ ಮರೆತರು.

ಬರುವ ಭಾನುವಾರ ಹೊಸ ನಾಟಕ. ಅದರಲ್ಲಿ ಕಾಳವ್ವನ ಮನೆಯ ಸುದ್ದಿಯೇ ಇಲ್ಲ. ಆದರೂ ಇಡೀ ನಾಟಕದ ಹಗ್ಗ ಅವರೇ ಹಿಡಿಯಲಿ, ಎಲ್ಲಿ ಬೇಡವೆನ್ನಿಸಿದರೆ ಅಲ್ಲಿ ಬಿಡಲಿ ಎಂದು ದ್ಯಾಮಣ್ಣ ಹೇಳಿ ಕಳಿಸಿ ಒಂಬತ್ತು ದಿನ. ಉತ್ತರ ಬಂದಿಲ್ಲ. ಬರದಿದ್ದರೆ? "ಬರದಿದ್ರ ಬರೂದಿಲ್ಲ. ಕೇಳೂದು ನನ್ನ ಕೆಲಸ, ಬರೂದು ಆಕೀದು. ಆಗ ನಾ ಆಕಿನ್ನ ಒಂದ್ಸಲಾನೂ ಕೇಳಿದ್ದಿಲ್ಲಲ್ಲರಿ."

ಏಳಕ್ಕೆ ಹತ್ತು ನಿಮಿಷವಿದೆ. ಟಂಟಂ ದೂರದಲ್ಲಿ ಹಾರ್ನ್ ಹಾಕುತ್ತಿದೆ. ಮಕ್ಕಳೆಲ್ಲ ಬಾಗಿಲ ಕಡೆ ತಿರುಗುತ್ತಾರೆ. ಭಾಗ್ಯಶ್ರೀ ಬಾಗಿಲಲ್ಲಿ ನಿಂತಿದ್ದಾಳೆ, ಒಳಗೆ ಕಾಲಿಟ್ಟಿಲ್ಲ.

"ಕಾಕಾ, ಅವ್ವ ಕೇಳ್ಯಾಳ, ಪರದಿ ಭಾಳ ಭಾರ ಐತೇನಂತ."

ದ್ಯಾಮಣ್ಣ ಕೈಗೆ ಮೆತ್ತಿದ ಮೇಣವನ್ನು ಅಂಗಿಗೇ ಒರೆಸಿಕೊಳ್ಳುತ್ತಾರೆ. ಮೂವತ್ತೊಂದು ಮನೆಯ ಕೌದಿ ಅದು, ಇಬ್ಬರು ಸೇರಿದರೂ ತೋಳು ಜಗ್ಗುತ್ತದೆ.

"ಭಾರ ಐತವ್ವಾ. ಎತ್ತೂದು ನಾ ನೋಡ್ಕೋತೀನಿ. ಬಿಡೂದು ಭಾಳ ಹಗೂರ ಐತಿ, ಅಷ್ಟ ಆಕಿಗೆ ಹೇಳು."